ರಾಸಾಯನಿಕ ಸಮತೋಲನ, ಆಮ್ಲ ಮತ್ತು ಪ್ರತ್ಯಾಮ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳನ್ನು ಕನ್ನಡದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಪ್ರಥಮ ಪಿಯುಸಿಯಲ್ಲಿ ಅದೇ ವಿಷಯವು 'ಈಕ್ವಿಲಿಬ್ರಿಯಂ' ಎಂಬ ದೊಡ್ಡ ಅಧ್ಯಾಯದೊಳಗೆ ಮತ್ತೆ ಎದುರಾಗುತ್ತದೆ. ಅಧ್ಯಾಯದ ಮೊದಲರ್ಧ ಸಮತೋಲನದ್ದು, ಉಳಿದರ್ಧ ಆಮ್ಲಗಳದ್ದು. ಹೆಚ್ಚಿನವರು ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ಭಾವಿಸಿ ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ತೊಡಕು ಆರಂಭವಾಗುವುದು ಅಲ್ಲಿಯೇ ಎಂಬುದು ನನ್ನ ಅನುಭವ. ಪ್ರೋಟಾನ್ (ಎಂದರೆ ಹೈಡ್ರೋಜನ್ ಅಯಾನು) ಎಂಬ ಒಂದು ಕಣವನ್ನು ಯಾರು ಕೊಡುತ್ತಾರೆ, ಯಾರು ಪಡೆಯುತ್ತಾರೆ ಎಂಬ ಕೊಡುಕೊಳ್ಳುವಿಕೆಯಲ್ಲಿ ಏರ್ಪಡುವ ಸಮತೋಲನವೇ ಆಮ್ಲ-ಪ್ರತ್ಯಾಮ್ಲಗಳ ಇಡೀ ಪಾಠ. ಆದುದರಿಂದ ಇಲ್ಲಿನ ಉತ್ತರಗಳನ್ನು ಕ್ರಮವಾಗಿ ಓದಿದರೆ ಒಳ್ಳೆಯದು.

ಸಮತೋಲನಕ್ಕೆ ಬಂದ ಕ್ರಿಯೆ ನಿಂತುಹೋಗಿರುತ್ತದೆಯೇ?

ಇಲ್ಲ. ಹೊರಗಿನಿಂದ ನೋಡಿದವರಿಗೆ ಬಣ್ಣ, ಒತ್ತಡ, ಸಾರತೆ (ಒಂದು ಲೀಟರಿನಲ್ಲಿ ವಸ್ತು ಎಷ್ಟಿದೆ ಎಂಬ ಅಳತೆ) ಯಾವುದೂ ಬದಲಾಗುತ್ತಿಲ್ಲವೆಂದು ಕಾಣುತ್ತದೆ, ನಿಜ. ಆದರೆ ಒಳಗೆ ಮುಂದಿನ ಕ್ರಿಯೆಯೂ ಹಿಂದಿನ ಕ್ರಿಯೆಯೂ ಒಂದೇ ವೇಗದಲ್ಲಿ ನಡೆಯುತ್ತಿರುತ್ತವೆ. ಒಂದು ಕಡೆ ಎಷ್ಟು ಅಣುಗಳು ಹುಟ್ಟುತ್ತವೆಯೋ ಅಷ್ಟೇ ಅಣುಗಳು ಇನ್ನೊಂದು ಕಡೆ ಒಡೆಯುತ್ತಿರುತ್ತವೆ. ಒಳಹರಿವಿನಷ್ಟೇ ಹೊರಹರಿವೂ ಇರುವ ಕೆರೆಯ ನೀರಿನ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂಬ ಹೋಲಿಕೆಯನ್ನು ಕೊಡುವುದುಂಟು. ಈ ಹೋಲಿಕೆ ಅರ್ಧ ಮಾತ್ರ ಸರಿ, ಏಕೆಂದರೆ ಕೆರೆಗೆ ಹೊರಗಿನಿಂದ ನೀರು ಬರುತ್ತಲೇ ಇರಬೇಕು, ರಾಸಾಯನಿಕ ಸಮತೋಲನವಾದರೋ ಮುಚ್ಚಿದ ಪಾತ್ರೆಯೊಳಗೆ ತಾನೇ ತಾನಾಗಿ ನಿಲ್ಲುತ್ತದೆ.

ಒಳಗಿನ ಚಲನೆ ನಿಜವೆಂದು ಹೇಗೆ ತಿಳಿಯುತ್ತದೆ ಎಂಬುದು ಸಹಜವಾದ ಮರುಪ್ರಶ್ನೆ. ಸಿಲ್ವರ್ ಅಯೋಡೈಡಿನ ಪರ್ಯಾಪ್ತ ದ್ರಾವಣವೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ಇನ್ನು ಒಂದು ಕಣವೂ ಹೆಚ್ಚಿಗೆ ಕರಗುವಂತಿಲ್ಲ. ಅದರ ತಳಕ್ಕೆ ವಿಕಿರಣಶೀಲ ಅಯೋಡಿನ್ ಇರುವ ಅದೇ ಲವಣದ ಹರಳುಗಳನ್ನು ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮೇಲಿನ ದ್ರಾವಣದಲ್ಲಿಯೂ ವಿಕಿರಣ ಕಾಣಿಸಿಕೊಳ್ಳುತ್ತದೆ. ಕರಗಿದ ಒಟ್ಟು ಪ್ರಮಾಣ ಕಿಂಚಿತ್ತೂ ಹೆಚ್ಚಿರುವುದಿಲ್ಲ. ಹರಳಿನಿಂದ ಅಯಾನುಗಳು ದ್ರಾವಣಕ್ಕೆ ಬಂದಿವೆ, ದ್ರಾವಣದಿಂದ ಅಷ್ಟೇ ಅಯಾನುಗಳು ಹರಳನ್ನು ಸೇರಿವೆ.

ಕ್ರಿಯೆಗಳು ಹಿಂದಕ್ಕೂ ನಡೆಯಬಲ್ಲವೆಂದು ಮೊದಲು ಗಮನಿಸಿದವರು ಯಾರು?

ಫ್ರಾನ್ಸಿನ ಕ್ಲೋಡ್ ಲೂಯಿ ಬರ್ತೊಲೆ. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಜೊತೆಗೆ ಹೋಗಿದ್ದ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ಅಲ್ಲಿನ ನ್ಯಾಟ್ರಾನ್ ಸರೋವರಗಳ ದಡದಲ್ಲಿ ಸೋಡಿಯಂ ಕಾರ್ಬನೇಟ್ ಹೆಪ್ಪುಗಟ್ಟಿ ಬಿದ್ದಿದ್ದುದನ್ನು ಅವನು ಕಂಡ. ಪ್ರಯೋಗಾಲಯದಲ್ಲಿ ಸೋಡಿಯಂ ಕಾರ್ಬನೇಟನ್ನು ಕ್ಯಾಲ್ಸಿಯಂ ಕ್ಲೋರೈಡಿನ ಜೊತೆ ಬೆರೆಸಿದರೆ ಸುಣ್ಣದಕಲ್ಲೂ ಅಡುಗೆ ಉಪ್ಪೂ ಉಂಟಾಗುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸರೋವರದಲ್ಲಿ ನಡೆದಿದ್ದುದು ಅದಕ್ಕೆ ತದ್ವಿರುದ್ಧ. ನೀರಿನಲ್ಲಿ ಉಪ್ಪು ವಿಪರೀತವಾಗಿತ್ತು, ದಡದಲ್ಲಿ ಸುಣ್ಣದಕಲ್ಲು ಹೇರಳವಾಗಿತ್ತು, ಪ್ರಮಾಣಗಳ ಆ ಒತ್ತಾಯಕ್ಕೆ ಕ್ರಿಯೆ ಹಿಂದಕ್ಕೆ ಹೊರಳಿತ್ತು. ಯಾವ ವಸ್ತು ಯಾವುದರೊಡನೆ ಕೂಡುತ್ತದೆ ಎಂಬುದನ್ನು ಅವುಗಳ ಸ್ವಭಾವ ಮಾತ್ರವಲ್ಲದೆ ಪ್ರಮಾಣವೂ ನಿರ್ಧರಿಸುತ್ತದೆ ಎಂದು ಅವನು 1803ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ. ಈ ಮಾತಿಗೆ ಗಣಿತದ ರೂಪ ಕೊಟ್ಟವರು ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ, 1864ರಲ್ಲಿ.

ಸಮತೋಲನದಲ್ಲಿ ಪ್ರತಿವರ್ತಕಗಳೂ ಉತ್ಪನ್ನಗಳೂ ಸಮಪ್ರಮಾಣದಲ್ಲಿರುತ್ತವೆಯೇ?

'ಸಮ' ಎಂಬ ಪದವೇ ಈ ತಪ್ಪು ಕಲ್ಪನೆಗೆ ಕಾರಣ. ಸಮವಾಗಿರುವುದು ಎರಡೂ ದಿಕ್ಕಿನ ವೇಗಗಳು. ಪ್ರಮಾಣಗಳು ಎಷ್ಟಾದರೂ ಇರಬಹುದು. ಉತ್ಪನ್ನಗಳ ಸಾರತೆಗಳನ್ನು ಗುಣಿಸಿ, ಪ್ರತಿವರ್ತಕಗಳ ಸಾರತೆಗಳ ಗುಣಲಬ್ಧದಿಂದ ಭಾಗಿಸಿದಾಗ (ಮೋಲ್ ಎಂಬುದು ಕಣಗಳನ್ನು ಎಣಿಸುವ ಮಾನ; ಸಮೀಕರಣದಲ್ಲಿ ಒಂದು ವಸ್ತುವಿನ ಮುಂದೆ ಎಷ್ಟು ಮೋಲ್ ಎಂದಿದೆಯೋ ಅದರ ಸಾರತೆಗೆ ಅಷ್ಟು ಘಾತ ಹಾಕಬೇಕು) ದೊರೆಯುವ ಸಂಖ್ಯೆಯನ್ನು ಸಮತೋಲನ ಸ್ಥಿರಾಂಕ ಎನ್ನುತ್ತೇವೆ. ಉಷ್ಣತೆ ಬದಲಾಗದಿರುವ ತನಕ ಆ ಸಂಖ್ಯೆ ಬದಲಾಗುವುದಿಲ್ಲ.

ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಿದರೆ ಇದು ಮನಸ್ಸಿನಲ್ಲಿ ನಿಲ್ಲುತ್ತದೆ. ಅಸಿಟಿಕ್ ಆಮ್ಲ ಮತ್ತು ಎಥನಾಲ್ ಸೇರಿ ಎಥೈಲ್ ಅಸಿಟೇಟ್ ಎಂಬ ಎಸ್ಟರ್ ಮತ್ತು ನೀರು ಆಗುವ ಕ್ರಿಯೆಯ ಸ್ಥಿರಾಂಕ ಸುಮಾರು 4. ಎರಡನ್ನೂ ಒಂದೊಂದು ಮೋಲ್ ತೆಗೆದುಕೊಂಡು, ಸಮತೋಲನದಲ್ಲಿ ಎಸ್ಟರ್ ಎಷ್ಟು ಮೋಲ್ ಆಗಿರುತ್ತದೆ ಎಂದು ಕೇಳೋಣ. ಎಸ್ಟರ್ ಎಷ್ಟೋ ನೀರೂ ಅಷ್ಟೇ. ಉಳಿದ ಆಮ್ಲ ಎಷ್ಟೋ ಉಳಿದ ಮದ್ಯಸಾರವೂ ಅಷ್ಟೇ. ಆದ್ದರಿಂದ ಎಸ್ಟರಿನ ವರ್ಗವನ್ನು ಉಳಿದ ಆಮ್ಲದ ವರ್ಗದಿಂದ ಭಾಗಿಸಿದರೆ 4 ಬರಬೇಕು, ಎಂದರೆ ಎಸ್ಟರ್ ಉಳಿದ ಆಮ್ಲದ ಎರಡರಷ್ಟಿರಬೇಕು. ಒಂದು ಮೋಲಿನಲ್ಲಿ ಮೂರನೆಯ ಎರಡು ಭಾಗ ಎಸ್ಟರ್ ಆಗಿ, ಮೂರನೆಯ ಒಂದು ಭಾಗ ಆಮ್ಲವಾಗಿಯೇ ಉಳಿಯುತ್ತದೆ. ವರ್ಷಗಟ್ಟಲೆ ಕಾದರೂ ಈ ಪಾಲು ಬದಲಾಗದು. ಎಥನಾಲನ್ನು ಹೆಚ್ಚಿಗೆ ಸುರಿದರೆ ಅಥವಾ ಉಂಟಾದ ನೀರನ್ನು ತೆಗೆಯುತ್ತಾ ಹೋದರೆ ಮಾತ್ರ ಹೆಚ್ಚಿನ ಎಸ್ಟರ್ ದೊರೆಯುತ್ತದೆ. ಸ್ಥಿರಾಂಕ ಆಗಲೂ 4 ಆಗಿಯೇ ಇರುತ್ತದೆ.

ಸ್ಥಿರಾಂಕ ದೊಡ್ಡದಿದ್ದರೆ ಕ್ರಿಯೆ ಬೇಗ ಮುಗಿಯುತ್ತದೆಯೇ?

ಸ್ಥಿರಾಂಕಕ್ಕೂ ವೇಗಕ್ಕೂ ಸಂಬಂಧವಿಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆಯ ಸ್ಥಿರಾಂಕ ಊಹೆಗೂ ಮೀರಿದಷ್ಟು ದೊಡ್ಡದು, ಆದರೂ ಕಿಡಿ ಸೋಕದಿದ್ದರೆ ಆ ಮಿಶ್ರಣ ಕೋಣೆಯ ಉಷ್ಣತೆಯಲ್ಲಿ ಹಾಗೆಯೇ ಇರುತ್ತದೆ. ಕ್ರಿಯಾವರ್ಧಕವು ಎರಡೂ ದಿಕ್ಕುಗಳ ವೇಗವನ್ನು ಹೆಚ್ಚಿಸಿ ಸಮತೋಲನಕ್ಕೆ ಬೇಗ ಕರೆದೊಯ್ಯುತ್ತದೆ. ತಲುಪುವ ಸ್ಥಳವನ್ನು ಬದಲಿಸುವುದಿಲ್ಲ.

ಲೆ ಶಾಟೆಲಿಯೆಯ ತತ್ತ್ವವನ್ನು ಬಳಸುವಾಗ ಎಲ್ಲಿ ತಪ್ಪಾಗುತ್ತದೆ?

ಸಮತೋಲನದಲ್ಲಿರುವ ವ್ಯವಸ್ಥೆಯೊಂದರ ಸಾರತೆ, ಒತ್ತಡ ಅಥವಾ ಉಷ್ಣತೆಯನ್ನು ಬದಲಿಸಿದರೆ, ಆ ಬದಲಾವಣೆಯನ್ನು ಕಡಿಮೆ ಮಾಡುವ ದಿಕ್ಕಿಗೆ ವ್ಯವಸ್ಥೆ ಸರಿಯುತ್ತದೆ ಎಂಬುದು 1884ರಲ್ಲಿ ಅವರು ಮಂಡಿಸಿದ ತತ್ತ್ವ. ಗೋಲಿ ಸೋಡಾದ ಬಾಟಲಿ ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ. ಮುಚ್ಚಿದ ಬಾಟಲಿಯಲ್ಲಿ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡಿಗೂ ಕತ್ತಿನ ಬಳಿ ಒತ್ತಿಕೊಂಡಿರುವ ಅನಿಲಕ್ಕೂ ನಡುವೆ ಸಮತೋಲನವಿರುತ್ತದೆ; ಗೋಲಿಯನ್ನು ಮೇಲೆ ಹಿಡಿದಿರುವುದೂ ಆ ಅನಿಲದ ಒತ್ತಡವೇ. ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ತಳ್ಳಿದ ಕ್ಷಣ ಅನಿಲ ಹೊರಗೆ ಹಾರಿ ಒತ್ತಡ ಕುಸಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಗಳಾಗಿ ಏಳತೊಡಗುತ್ತದೆ. ಅನಿಲ ಕರಗುವಾಗ ಶಾಖ ಬಿಡುಗಡೆಯಾಗುವುದರಿಂದ, ಬಿಸಿಲಿನಲ್ಲಿಟ್ಟ ಬಾಟಲಿ ಇನ್ನೂ ರಭಸವಾಗಿ ಉಕ್ಕುತ್ತದೆ. ತೆರೆದಿಟ್ಟ ಸೋಡಾ ಸಪ್ಪೆಯಾಗುವುದೂ ಇದರಿಂದಲೇ: ಅನಿಲ ಹೋದಂತೆಲ್ಲ ನೀರಿನಲ್ಲಿದ್ದ ಕಾರ್ಬಾನಿಕ್ ಆಮ್ಲವೂ ಹಿಂದಕ್ಕೆ ಹೊರಳಿ ಒಡೆಯುತ್ತದೆ, ನಾಲಗೆಗೆ ಚುರುಕು ಮುಟ್ಟಿಸುತ್ತಿದ್ದ ಹುಳಿ ಇಲ್ಲವಾಗುತ್ತದೆ.

ತಪ್ಪಾಗುವ ಕಡೆಗಳು ಮುಖ್ಯವಾಗಿ ಎರಡು. ಮೊದಲನೆಯದು ಘನವಸ್ತುಗಳ ವಿಷಯ. ಸುಣ್ಣದ ಗೂಡಿನಲ್ಲಿ ಸುಣ್ಣದಕಲ್ಲು ಕಾದು ಸುಟ್ಟ ಸುಣ್ಣವೂ ಕಾರ್ಬನ್ ಡೈಆಕ್ಸೈಡೂ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪನ್ನು ಸುಡುವುದುಂಟು, ರಸಾಯನಶಾಸ್ತ್ರ ಒಂದೇ. ಶುದ್ಧ ಘನಕ್ಕೆ ಬದಲಾಗುವ ಸಾರತೆ ಎಂಬುದಿಲ್ಲ, ಹಾಗಾಗಿ ಇಲ್ಲಿನ ಸ್ಥಿರಾಂಕದಲ್ಲಿ ಉಳಿಯುವುದು ಅನಿಲದ ಒತ್ತಡವೊಂದೇ. ಕಲ್ಲನ್ನು ಎಷ್ಟು ಹೆಚ್ಚಿಗೆ ತುಂಬಿದರೂ ಸಮತೋಲನ ಕದಲದು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಒತ್ತಡ ಒಂದು ವಾಯುಮಂಡಲದಷ್ಟಾಗುತ್ತದೆ. ಗೂಡು ತೆರೆದಿದ್ದು ಅನಿಲ ಗಾಳಿಯೊಡನೆ ಹೊರಟುಹೋಗುವುದರಿಂದ ಕಲ್ಲು ಪೂರ್ತಿಯಾಗಿ ಸುಣ್ಣವಾಗುತ್ತದೆ. ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಎರಡನೆಯದು ನಿಷ್ಕ್ರಿಯ ಅನಿಲದ ಪ್ರಶ್ನೆ, ಪ್ರವೇಶ ಪರೀಕ್ಷೆಗಳಿಗೆ ಪ್ರಿಯವಾದದ್ದು. ಪಾತ್ರೆಯ ಗಾತ್ರವನ್ನು ಬದಲಿಸದೆ ಆರ್ಗಾನ್ ತುಂಬಿದರೆ ಒಟ್ಟು ಒತ್ತಡ ಏರುತ್ತದೆ, ಆದರೆ ಕ್ರಿಯೆಯಲ್ಲಿ ಭಾಗವಹಿಸುವ ಯಾವ ಅನಿಲದ ಸಾರತೆಯೂ ಬದಲಾಗುವುದಿಲ್ಲ, ಆದ್ದರಿಂದ ಸಮತೋಲನವೂ ಸರಿಯುವುದಿಲ್ಲ. 'ಒತ್ತಡ ಹೆಚ್ಚಿತು' ಎಂಬ ಮಾತನ್ನು ಕೇಳಿದೊಡನೆ ಉತ್ತರ ಬರೆಯುವ ಆತುರ ಬೇಡ. ಯಾರ ಒತ್ತಡ ಹೆಚ್ಚಿತು ಎಂದು ಕೇಳಿಕೊಳ್ಳಬೇಕು.

ಅಮೋನಿಯಾ ತಯಾರಿಕೆಯಲ್ಲಿ ಶಾಖ ಹೊರಬರುತ್ತದೆ. ಹಾಗಿದ್ದೂ ಅದನ್ನೇಕೆ ಕಾಯಿಸುತ್ತಾರೆ?

ತುಂಬ ಒಳ್ಳೆಯ ಪ್ರಶ್ನೆ, ಏಕೆಂದರೆ ಇಲ್ಲಿ ಸಮತೋಲನ ಮತ್ತು ವೇಗ ಒಂದಕ್ಕೊಂದು ಎದುರಾಗುತ್ತವೆ. ಒಂದು ಮೋಲ್ ನೈಟ್ರೋಜನ್, ಮೂರು ಮೋಲ್ ಹೈಡ್ರೋಜನ್ ಸೇರಿ ಎರಡು ಮೋಲ್ ಅಮೋನಿಯಾ ಆಗುವಾಗ ಸುಮಾರು 92 ಕಿಲೋಜೂಲ್ ಶಾಖ ಹೊರಬರುತ್ತದೆ. ಆದ್ದರಿಂದ ತಣ್ಣಗಿದ್ದಷ್ಟೂ ಸಮತೋಲನ ಅಮೋನಿಯಾದ ಕಡೆಗಿರುತ್ತದೆ. 25 ಡಿಗ್ರಿಯಲ್ಲಿ ಇದರ ಸ್ಥಿರಾಂಕ ಕೋಟಿಗಳ ಲೆಕ್ಕದಲ್ಲಿದ್ದರೆ 500 ಡಿಗ್ರಿಯಲ್ಲಿ ಅದು ಸುಮಾರು 0.06ಕ್ಕೆ ಇಳಿಯುತ್ತದೆ. ಆದರೆ ನೈಟ್ರೋಜನ್ ಅಣುವಿನೊಳಗಿನ ಮೂರು ಬಂಧಗಳು ಎಷ್ಟು ಬಿಗಿಯೆಂದರೆ, ತಣ್ಣನೆಯ ಮಿಶ್ರಣದಲ್ಲಿ ಕ್ರಿಯೆ ಆರಂಭವೇ ಆಗುವುದಿಲ್ಲ.

ಫ್ರಿಟ್ಜ್ ಹೇಬರ್ 1909ರಲ್ಲಿ ಕಾರ್ಲ್ಸ್‌ರೂಯೆಯಲ್ಲಿ ಈ ಸಂಶ್ಲೇಷಣೆಯನ್ನು ಮಾಡಿ ತೋರಿಸಿದರು, ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು, 1913ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಅವರು ಕಂಡುಕೊಂಡ ದಾರಿ ಒಂದು ರಾಜಿ: ಕಬ್ಬಿಣದ ಕ್ರಿಯಾವರ್ಧಕ ಚುರುಕಾಗಿ ಕೆಲಸ ಮಾಡುವಷ್ಟು, ಎಂದರೆ 400ರಿಂದ 500 ಡಿಗ್ರಿಯಷ್ಟು ಬಿಸಿ, ನಾಲ್ಕು ಮೋಲ್ ಅನಿಲ ಎರಡು ಮೋಲಿಗೆ ಇಳಿಯುವುದರಿಂದ ಸಮತೋಲನವನ್ನು ಮುಂದಕ್ಕೆ ಒತ್ತಲು ಸುಮಾರು 200 ವಾಯುಮಂಡಲದ ಒತ್ತಡ. ಇಷ್ಟಾದರೂ ಒಂದು ಸುತ್ತಿಗೆ ಸುಮಾರು 15 ಪ್ರತಿಶತ ಅನಿಲ ಮಾತ್ರ ಅಮೋನಿಯಾ ಆಗುತ್ತದೆ. ಅದನ್ನು ತಣಿಸಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ಒಳಕ್ಕೆ ತಿರುಗಿಸುತ್ತಾರೆ. ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾಕ್ಕಾಗಿ ತಯಾರಾಗುವ ಅಮೋನಿಯಾದ ಹಿಂದೆಯೂ ಇದೇ ಸಮತೋಲನವಿದೆ. ಗದ್ದೆಗೆ ಎರಚುವ ಬಿಳಿಯ ಹರಳುಗಳ ಹಿಂದೆ ಇಷ್ಟೆಲ್ಲ ಲೆಕ್ಕವಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆಮ್ಲ ಎಂದರೆ ಏನು? ಪುಸ್ತಕದಲ್ಲಿ ಮೂರು ವ್ಯಾಖ್ಯಾನಗಳಿವೆ, ಯಾವುದು ಸರಿ?

ಮೂರೂ ಸರಿ, ಒಂದಕ್ಕಿಂತ ಒಂದು ವಿಶಾಲ. ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ ಎಂಬುದು ಸ್ವೀಡನ್ನಿನ ಅರ್ಹೇನಿಯಸ್ ಹಾಕಿದ ತಳಪಾಯ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಪ್ರತ್ಯೇಕವಾಗಿ, ಪ್ರೋಟಾನ್ ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ ಎಂದರು. ಅದೇ ವರ್ಷ ಲೂಯಿಸ್ ಇನ್ನೂ ಮುಂದೆ ಹೋಗಿ ಇಲೆಕ್ಟ್ರಾನ್ ಜೋಡಿಯನ್ನು ಪಡೆಯುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಎಂದರು. ದಿನಬಳಕೆಗೆ ನಡುವಿನ ವ್ಯಾಖ್ಯಾನವೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಅಮೋನಿಯಾದಲ್ಲಿ ಹೈಡ್ರಾಕ್ಸೈಡ್ ಇಲ್ಲವೇ ಇಲ್ಲ, ಆದರೂ ಅದು ಪ್ರತ್ಯಾಮ್ಲ ಹೇಗಾಯಿತು ಎಂಬುದಕ್ಕೆ ಅದು ನೇರವಾಗಿ ಉತ್ತರಿಸುತ್ತದೆ: ಅಮೋನಿಯಾ ನೀರಿನಿಂದ ಪ್ರೋಟಾನನ್ನು ಪಡೆಯುತ್ತದೆ, ಪ್ರೋಟಾನ್ ಕಳೆದುಕೊಂಡ ನೀರು ಹೈಡ್ರಾಕ್ಸೈಡ್ ಆಗಿ ಉಳಿಯುತ್ತದೆ. ಮೇಲಾಗಿ ಕೊಟ್ಟವರು ಮರಳಿ ಪಡೆಯಲೂಬಹುದು ಎಂಬ ಸಮತೋಲನದ ಭಾವವೂ ಅದರೊಳಗೇ ಇದೆ.

ಪ್ರಬಲ ಆಮ್ಲ ಮತ್ತು ಸಾರೀಕೃತ ಆಮ್ಲ ಎರಡೂ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಎರಡಕ್ಕೂ 'ಸ್ಟ್ರಾಂಗ್ ಆಸಿಡ್' ಎಂದುಬಿಡುತ್ತೇವೆ, ಆದರೆ ಇವು ಪೂರ್ತಿ ಬೇರೆ ಸಂಗತಿಗಳು. ಒಂದು ಲೀಟರಿನಲ್ಲಿ ಎಷ್ಟು ಆಮ್ಲವಿದೆ ಎಂಬುದು ಸಾರತೆ. ನೀರು ಬೆರೆಸಿ ಅದನ್ನು ಇಳಿಸಬಹುದು. ಇರುವ ಆಮ್ಲದಲ್ಲಿ ಎಷ್ಟು ಪಾಲು ಅಯಾನುಗಳಾಗಿ ಒಡೆದಿದೆ ಎಂಬುದು ಪ್ರಬಲತೆಯ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಸಮತೋಲನ ಸ್ಥಿರಾಂಕ.

0.1 ಮೋಲಾರ್ (ಲೀಟರಿಗೆ 0.1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಒಡೆಯುತ್ತದೆ, ಅದರ ಪಿಎಚ್ (ಹೈಡ್ರೋಜನ್ ಅಯಾನಿನ ಸಾರತೆಯನ್ನು ತಿಳಿಸುವ ಅಂಕಿ; ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) 1. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಸ್ಥಿರಾಂಕ 1.8 × 10⁻⁵ ಮಾತ್ರ, 0.1 ಮೋಲಾರ್ ದ್ರಾವಣದಲ್ಲಿ ಅದರ ನೂರು ಅಣುಗಳಲ್ಲಿ ಸರಾಸರಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಒಡೆದಿರುತ್ತದೆ, ಪಿಎಚ್ ಸುಮಾರು 2.9. ಈಗ ಎರಡೂ ದ್ರಾವಣಗಳನ್ನು 100 ಮಿಲಿಲೀಟರ್ ತೆಗೆದುಕೊಂಡು ಕಾಸ್ಟಿಕ್ ಸೋಡಾದಿಂದ (ಸೋಡಿಯಂ ಹೈಡ್ರಾಕ್ಸೈಡ್) ತಟಸ್ಥಗೊಳಿಸಿದರೆ ಯಾವುದಕ್ಕೆ ಹೆಚ್ಚು ಬೇಕಾಗುತ್ತದೆ? ತರಗತಿಯಲ್ಲಿ ಕೇಳಿದಾಗ ಬಹುಪಾಲು ಕೈಗಳು ಹೈಡ್ರೋಕ್ಲೋರಿಕ್ ಆಮ್ಲದ ಪರವಾಗಿ ಏಳುತ್ತವೆ. ನಿಜವಾಗಿ ಎರಡಕ್ಕೂ 0.1 ಮೋಲಾರ್ ಕಾಸ್ಟಿಕ್ ಸೋಡಾ ಸರಿಯಾಗಿ 100 ಮಿಲಿಲೀಟರ್ ಬೇಕು. ಹೈಡ್ರಾಕ್ಸೈಡ್ ಬಂದು ಪ್ರೋಟಾನನ್ನು ಎತ್ತಿಕೊಂಡು ಹೋದಂತೆಲ್ಲ, ಆ ಖಾಲಿಯನ್ನು ತುಂಬಲು ಅಸಿಟಿಕ್ ಆಮ್ಲದ ಇನ್ನಷ್ಟು ಅಣುಗಳು ಒಡೆಯುತ್ತವೆ. ಕೊನೆಯ ಅಣುವಿನ ತನಕ ಇದು ಮುಂದುವರಿಯುತ್ತದೆ. ಸಮತೋಲನದ ಪಾಠ ಆಮ್ಲದ ಪಾಠದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ದುರ್ಬಲ ಎಂದರೆ ನಿರಪಾಯಕಾರಿ ಎಂದು ಮಾತ್ರ ತಿಳಿಯಬಾರದು. ಹೈಡ್ರೋಫ್ಲೋರಿಕ್ ಆಮ್ಲ ಲೆಕ್ಕಕ್ಕೆ ದುರ್ಬಲ, ಆದರೆ ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಪ್ರಾಣಕ್ಕೇ ಎರವಾಗಬಲ್ಲದು.

ಪಿಎಚ್ 7 ಎಂದರೆ ಯಾವಾಗಲೂ ತಟಸ್ಥವೇ?

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೌದು. ಶುದ್ಧ ನೀರಿನಲ್ಲಿಯೂ ಒಂದು ಅಣು ಇನ್ನೊಂದಕ್ಕೆ ಪ್ರೋಟಾನ್ ಕೊಡುವ ಸಮತೋಲನ ಇದ್ದೇ ಇದೆ. ಈ ಉಷ್ಣತೆಯಲ್ಲಿ ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾರತೆಗಳ ಗುಣಲಬ್ಧ 10⁻¹⁴. ಶುದ್ಧ ನೀರಿನಲ್ಲಿ ಎರಡೂ 10⁻⁷ ಮೋಲಾರ್. ಒಂದು ಲೀಟರ್ ನೀರಿನಲ್ಲಿ 55.5 ಮೋಲ್ ನೀರಿರುವುದರಿಂದ, ಸುಮಾರು 55 ಕೋಟಿ ಅಣುಗಳಲ್ಲಿ ಒಂದು ಮಾತ್ರ ಹೀಗೆ ಒಡೆದಿರುತ್ತದೆ ಎಂದಾಯಿತು. ನೀರು ಒಡೆಯಲು ಶಾಖ ಬೇಕು, ಆದ್ದರಿಂದ ಕಾಯಿಸಿದಾಗ ಈ ಪಾಲು ಏರುತ್ತದೆ. ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ತಟಸ್ಥ ನೀರಿನ ಪಿಎಚ್ ಸುಮಾರು 6.8, ಕುದಿಯುವ ನೀರಿನಲ್ಲಿ ಸುಮಾರು 6.1. ಕುದಿಯುವ ನೀರು ಆಮ್ಲೀಯವೇನೂ ಆಗಿಲ್ಲ. ಎರಡೂ ಅಯಾನುಗಳು ಸಮಸಮವಾಗಿಯೇ ಹೆಚ್ಚಿವೆ.

ಪಿಎಚ್ ಮಾನವನ್ನು 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೊರೆನ್ಸನ್ ರೂಪಿಸಿದರು. ಇದು ಲಾಗರಿದಮ್ ಮಾನವಾದುದರಿಂದ ಒಂದು ಅಂಕಿಯ ಇಳಿಕೆಯೆಂದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಯಿತು ಎಂದು, 0.1ರ ಇಳಿಕೆಯೆಂದರೂ ಸುಮಾರು 26 ಪ್ರತಿಶತ ಹೆಚ್ಚಿತು ಎಂದು.

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಏಕಲ್ಲ?

ಆಮ್ಲಕ್ಕೆ ಎಷ್ಟೇ ನೀರು ಬೆರೆಸಿದರೂ ಅದು ಪ್ರತ್ಯಾಮ್ಲವಾಗಲಾರದು ಎಂಬ ಸಾಮಾನ್ಯ ವಿವೇಕವೇ ಇಲ್ಲಿ ಮೊದಲ ಉತ್ತರ. ಇಷ್ಟು ತೆಳುವಾದ ದ್ರಾವಣದಲ್ಲಿ ಆಮ್ಲ ಕೊಡುವ ಅಯಾನುಗಳಿಗಿಂತ ನೀರೇ ಕೊಡುವ ಅಯಾನುಗಳು ಹೆಚ್ಚು. ಎರಡನ್ನೂ ಸೇರಿಸಿ, ಗುಣಲಬ್ಧ 10⁻¹⁴ ಆಗುವಂತೆ ಲೆಕ್ಕ ಹಾಕಿದರೆ ಹೈಡ್ರೋಜನ್ ಅಯಾನು 1.05 × 10⁻⁷ ಮೋಲಾರ್ ಬರುತ್ತದೆ, ಪಿಎಚ್ 6.98.

ಆರತಿಯ ನೀರು ಕೆಂಪಾಗುವುದಕ್ಕೂ ಈ ಪಾಠಕ್ಕೂ ಏನು ಸಂಬಂಧ?

ನೇರ ಸಂಬಂಧ. ತಟ್ಟೆಯ ನೀರಿಗೆ ಅರಿಶಿನ ಕದಡಿ, ಒಂದು ಚಿಟಿಕೆ ಸುಣ್ಣ ಹಾಕಿ ಬೆರಳಾಡಿಸಿದರೆ ಹಳದಿ ಬಣ್ಣ ನೋಡನೋಡುತ್ತಲೇ ಕೆಂಪಾಗುತ್ತದೆ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಒಂದು ದುರ್ಬಲ ಆಮ್ಲ. ಪ್ರೋಟಾನ್ ಜೊತೆಗಿದ್ದಾಗ ಅದು ಹಳದಿ, ಪ್ರೋಟಾನ್ ಕಳೆದುಕೊಂಡಾಗ ಕೆಂಪು. ಈ ಎರಡು ರೂಪಗಳ ನಡುವೆ ಸಮತೋಲನವಿದೆ. ಸುಣ್ಣದ ಹೈಡ್ರಾಕ್ಸೈಡ್ ಪ್ರೋಟಾನುಗಳನ್ನು ಎತ್ತಿಕೊಂಡಾಗ ಸಮತೋಲನ ಕೆಂಪಿನ ಕಡೆಗೆ ಸರಿಯುತ್ತದೆ.

ಆರತಿ ಮುಗಿದ ಮೇಲೆ ಆ ನೀರನ್ನು ಚೆಲ್ಲುವ ಮೊದಲು ಸ್ವಲ್ಪವನ್ನು ಎರಡು ಗಾಜಿನ ಲೋಟಗಳಿಗೆ ಹಾಕಿಕೊಳ್ಳಿ. ಒಂದಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಹಿಂಡಿ. ಮೊದಲ ಹನಿ ಬಿದ್ದ ಜಾಗದಲ್ಲಿ ಹಳದಿಯ ಎಳೆಯೊಂದು ಮೂಡಿ, ಕಲಕಿದೊಡನೆ ಮತ್ತೆ ಕೆಂಪಿನಲ್ಲಿ ಕರಗಿಹೋಗುತ್ತದೆ. ಇನ್ನಷ್ಟು ಹನಿಗಳಾದ ಮೇಲೆ ಇಡೀ ಲೋಟ ಹಳದಿಯಾಗಿ ನಿಲ್ಲುತ್ತದೆ. ಅದಕ್ಕೇ ಮತ್ತೆ ಸುಣ್ಣ ಹಾಕಿದರೆ ಮತ್ತೆ ಕೆಂಪು. ಎರಡನೆಯ ಲೋಟ ಪಕ್ಕದಲ್ಲಿ ಹೋಲಿಕೆಗಾಗಿ ಇರಲಿ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದೇ ಕಾರಣದಿಂದ. ಲಿಟ್ಮಸ್, ಫಿನಾಲ್ಫ್ಥಲೀನ್, ಮೀಥೈಲ್ ಆರೆಂಜ್ ಎಲ್ಲವೂ ಇದೇ ಬಗೆಯ ದುರ್ಬಲ ಆಮ್ಲಗಳು ಅಥವಾ ಪ್ರತ್ಯಾಮ್ಲಗಳು. ಬಣ್ಣ ಬದಲಾಗುವ ಪಿಎಚ್ ವ್ಯಾಪ್ತಿ ಮಾತ್ರ ಒಂದೊಂದಕ್ಕೆ ಒಂದೊಂದು. ಅಸಿಟಿಕ್ ಆಮ್ಲವನ್ನು ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡುವಾಗ ತಟಸ್ಥೀಕರಣ ಮುಗಿಯುವ ಬಿಂದು ಪಿಎಚ್ 8.7ರ ಆಸುಪಾಸಿನಲ್ಲಿರುತ್ತದೆ, ಆದುದರಿಂದಲೇ ಅಲ್ಲಿ 8.2ರ ಮೇಲೆ ಬಣ್ಣ ತೋರುವ ಫಿನಾಲ್ಫ್ಥಲೀನ್ ಬೇಕು.

ಲವಣದ ದ್ರಾವಣ ತಟಸ್ಥವಾಗಿರಬೇಕಲ್ಲವೇ?

ಅಡುಗೆ ಉಪ್ಪಿನದು ತಟಸ್ಥ. ಅಡುಗೆ ಸೋಡಾದ ದ್ರಾವಣದ ಪಿಎಚ್ ಸುಮಾರು 8.3, ವಾಷಿಂಗ್ ಸೋಡಾದ್ದು 11ರ ಹತ್ತಿರ, ನೀರು ತಿಳಿಗೊಳಿಸಲು ಬಳಸುವ ಪಟಿಕದ್ದು ಆಮ್ಲೀಯ. ದುರ್ಬಲ ಆಮ್ಲದಿಂದ ಹುಟ್ಟಿದ ಅಯಾನು ನೀರಿನಿಂದ ಪ್ರೋಟಾನನ್ನು ಮರಳಿ ಪಡೆಯಲು ಹವಣಿಸುತ್ತದೆ; ದುರ್ಬಲ ಪ್ರತ್ಯಾಮ್ಲದಿಂದ ಹುಟ್ಟಿದ್ದು ಪ್ರೋಟಾನನ್ನು ನೀರಿಗೆ ಬಿಟ್ಟುಕೊಡುತ್ತದೆ.

'ಆಲ್ಕಲೈನ್ ವಾಟರ್' ಕುಡಿದರೆ ರಕ್ತದ ಪಿಎಚ್ ಏರುತ್ತದೆಯೇ?

ಆರೋಗ್ಯವಂತರಲ್ಲಿ ಏರುವುದಿಲ್ಲ, ಏಕೆಂದು ಲೆಕ್ಕವೇ ಹೇಳುತ್ತದೆ. ಪಿಎಚ್ 9ರ ಒಂದು ಲೀಟರ್ ನೀರಿನಲ್ಲಿ ಹೈಡ್ರಾಕ್ಸೈಡ್ 10⁻⁵ ಮೋಲ್ ಮಾತ್ರ. ಜಠರದ ರಸದ ಪಿಎಚ್ 2 ಎಂದಿಟ್ಟುಕೊಂಡರೂ ಅದರ ಒಂದೇ ಒಂದು ಮಿಲಿಲೀಟರ್ ಆ ಇಡೀ ಲೀಟರನ್ನು ತಟಸ್ಥಗೊಳಿಸಬಲ್ಲದು. ನೀರಿನಲ್ಲಿ ಬೈಕಾರ್ಬನೇಟ್ ಕರಗಿದ್ದರೆ ಅದಕ್ಕಿಂತ ಬಹಳ ಹೆಚ್ಚು ರಸ ಬೇಕಾದೀತು.

ಇನ್ನು ರಕ್ತವೋ, ಅದು ತನ್ನ ಪಿಎಚ್ಚನ್ನು 7.35 ಮತ್ತು 7.45ರ ನಡುವೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಬಫರ್ ದ್ರಾವಣ. ದುರ್ಬಲ ಆಮ್ಲವೂ ಅದರ ಜೊತೆಗಾರ ಪ್ರತ್ಯಾಮ್ಲವೂ (ಪ್ರೋಟಾನ್ ಕಳೆದುಕೊಂಡ ಅದೇ ಆಮ್ಲ) ಒಂದೇ ದ್ರಾವಣದಲ್ಲಿದ್ದರೆ, ಹೊರಗಿನಿಂದ ಬಂದ ಆಮ್ಲವನ್ನು ಒಂದು, ಪ್ರತ್ಯಾಮ್ಲವನ್ನು ಇನ್ನೊಂದು ಹೀರಿಕೊಳ್ಳುತ್ತದೆ; ಇದೇ ಬಫರ್. ರಕ್ತದಲ್ಲಿ ಲೀಟರಿಗೆ ಸುಮಾರು 24 ಮಿಲಿಮೋಲ್ ಬೈಕಾರ್ಬನೇಟ್, 1.2 ಮಿಲಿಮೋಲ್ ಕರಗಿದ ಕಾರ್ಬನ್ ಡೈಆಕ್ಸೈಡ್ ಇರುತ್ತವೆ, ಎಂದರೆ 20ಕ್ಕೆ 1. ಈ ಜೋಡಿಯ ಸ್ಥಿರಾಂಕಕ್ಕೆ ಸಂಬಂಧಿಸಿದ 6.1ಕ್ಕೆ 20ರ ಲಾಗರಿದಮ್ ಆದ 1.3ನ್ನು ಕೂಡಿಸಿದರೆ 7.4. ಪ್ರಯೋಗಾಲಯದ ಬಫರಿಗೆ ಇಲ್ಲದ ಒಂದು ಅನುಕೂಲ ದೇಹಕ್ಕಿದೆ: ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತದೆ, ಮೂತ್ರಪಿಂಡ ಬೈಕಾರ್ಬನೇಟನ್ನು ಹೊಂದಿಸುತ್ತದೆ. ಮೆಟ್ಟಿಲೇರಿ ಏದುಸಿರು ಬಿಡುವಾಗ ನಾವು ಆ ಸಮತೋಲನದ ಒಂದು ತುದಿಯನ್ನೇ ಗಾಳಿಗೆ ಬಿಡುತ್ತಿರುತ್ತೇವೆ.

ಬಾತ್‌ರೂಮ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿಸಿದರೆ ಹೆಚ್ಚು ಸ್ವಚ್ಛವಾಗುವುದಿಲ್ಲವೇ?

ದಯವಿಟ್ಟು ಎಂದಿಗೂ ಸೇರಿಸಬೇಡಿ. ಕ್ಲೋರಿನ್ ಮತ್ತು ನೀರು ಸೇರಿ ಹೈಪೋಕ್ಲೋರಸ್ ಆಮ್ಲ, ಹೈಡ್ರೋಜನ್ ಅಯಾನು ಮತ್ತು ಕ್ಲೋರೈಡ್ ಆಗುವ ಕ್ರಿಯೆ ಎರಡೂ ಕಡೆ ನಡೆಯುವಂಥದು. ಬ್ಲೀಚಿನಲ್ಲಿ ಆಮ್ಲವಿಲ್ಲದುದರಿಂದ ಕ್ಲೋರಿನ್ ಕರಗಿದ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಆಸಿಡ್ (ಇದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ) ಸುರಿದಾಗ ಹೈಡ್ರೋಜನ್ ಅಯಾನೂ ಕ್ಲೋರೈಡೂ ಒಮ್ಮೆಲೇ ಹೆಚ್ಚಿ ಸಮತೋಲನ ಹಿಂದಕ್ಕೆ ಹೊರಳುತ್ತದೆ, ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಹೇಬರ್ ಅವರ ಮೇಲ್ವಿಚಾರಣೆಯಲ್ಲಿಯೇ ಸೈನಿಕರ ಮೇಲೆ ಹರಿಯಬಿಟ್ಟದ್ದು ಇದೇ ಅನಿಲ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಸ್ವಲ್ಪವಾದರೂ ಸಾಕು, ಉಸಿರುಗಟ್ಟುತ್ತದೆ. ಒಂದನ್ನು ಬಳಸಿ, ಧಾರಾಳ ನೀರಿನಿಂದ ತೊಳೆದು, ಇನ್ನೊಂದು ದಿನ ಇನ್ನೊಂದನ್ನು ಬಳಸಿ.

ತೋಟದ ಮಣ್ಣಿಗೆ ಸುಣ್ಣ ಹಾಕುವಾಗ ಪಿಎಚ್ ಒಂದನ್ನೇ ನೋಡಿದರೆ ಸಾಕೇ?

ಸಾಲದು. ಮಲೆನಾಡು, ಕರಾವಳಿಗಳಲ್ಲಿ ಮಳೆ ಕ್ಷಾರೀಯ ಲವಣಗಳನ್ನು ತೊಳೆದೊಯ್ದು ಮಣ್ಣು ಹುಳಿಯಾಗಿರುವುದರಿಂದ ಅಡಿಕೆ, ಕಾಫಿ ತೋಟಗಳಿಗೆ ಸುಣ್ಣ ಹಾಕುವ ರೂಢಿಯಿದೆ. ಪಿಎಚ್ ತಿಳಿಸುವುದು ಮಣ್ಣಿನ ನೀರಿನಲ್ಲಿ ಆ ಕ್ಷಣಕ್ಕೆ ಬಿಡುವಾಗಿರುವ ಹೈಡ್ರೋಜನ್ ಅಯಾನನ್ನು ಮಾತ್ರ; ಜೇಡಿಯ ಕಣಗಳಿಗೂ ಕೊಳೆತ ಎಲೆಗೊಬ್ಬರಕ್ಕೂ ಅಂಟಿಕೊಂಡ ಆಮ್ಲೀಯತೆ ಅದಕ್ಕಿಂತ ಬಹಳ ಹೆಚ್ಚು, ಸುಣ್ಣ ಬಿದ್ದಂತೆಲ್ಲ ಅದು ಹೊರಬರುತ್ತಾ ಹೋಗುತ್ತದೆ, ಮೇಲೆ ಹೇಳಿದ ಅಸಿಟಿಕ್ ಆಮ್ಲದ ಹಾಗೆಯೇ. ಆದ್ದರಿಂದ ಪಿಎಚ್ ಒಂದೇ ಆದರೂ ಮರಳು ಮಣ್ಣಿಗೆ ಸಾಕಾಗುವ ಸುಣ್ಣ ಜೇಡಿ ಮಣ್ಣಿಗೆ ಸಾಕಾಗದು. ಮಣ್ಣು ಪರೀಕ್ಷೆ ಮಾಡಿಸುವಾಗ ಎಷ್ಟು ಸುಣ್ಣ ಬೇಕೆಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.

ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಎರಚುವುದು ನಷ್ಟದ ಕೆಲಸ. ಅಮೋನಿಯಂ ಅಯಾನು ಪ್ರೋಟಾನ್ ಬಿಟ್ಟು ಅಮೋನಿಯಾ ಆಗುವ ಸಮತೋಲನವನ್ನು ಸುಣ್ಣ ಮುಂದಕ್ಕೆ ತಳ್ಳುತ್ತದೆ. ಮೂಗಿಗೆ ಘಾಟು ಬಡಿದರೆ ದುಡ್ಡು ಕೊಟ್ಟು ತಂದ ನೈಟ್ರೋಜನ್ ಗಾಳಿಗೆ ಹೋಗುತ್ತಿದೆ ಎಂದು ತಿಳಿಯಬೇಕು. ಸುಣ್ಣವನ್ನು ಮೊದಲು ಹಾಕಿ ಮಣ್ಣಿನಲ್ಲಿ ಬೆರೆಸಿ, ಕೆಲವು ವಾರ ಬಿಟ್ಟು, ಮಣ್ಣು ಹದವಾಗಿ ಒದ್ದೆಯಿರುವಾಗ ಗೊಬ್ಬರ ಕೊಡಬೇಕು.